ಈಸ್ಟರ್ ಆದ್ಮೇಲೆ 50 ದಿನ ನಿಂತು ಪ್ರಾರ್ಥನೆ ಮಾಡೋದು: ನನ್ನ ಅನುಭವ

ಲೆಂಟ್‌ನಲ್ಲಿ (ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸ ಕಾಲ) ನಾವೆಲ್ಲ ತುಂಬಾ ಶ್ರದ್ಧೆಯಿಂದ ಇರ್ತೀವಿ. ಬೂದಿ ಬುಧವಾರದಿಂದ ಉಪವಾಸ, ಶುಕ್ರವಾರ ಶಿಲುಬೆ ಹಾದಿ, ಕೆಲವ್ರು ಟೀವಿ ಬಿಡ್ತಾರೆ, ಕೆಲವ್ರು ಮೊಬೈಲ್ ಕಡಿಮೆ ಮಾಡ್ತಾರೆ. ಈಸ್ಟರ್ ಭಾನುವಾರ ಬಂತು, ಹಾಡಿದ್ವಿ, ಶುಭಾಶಯ ಹೇಳಿದ್ವಿ, ಸೋಮವಾರ ಎದ್ದು ಎಲ್ಲಾ ಮೊದಲಿನ ಥರಾನೇ. ಆದ್ರೆ ಸಭೆಯ, ಅಂದ್ರೆ ಚರ್ಚಿನ, ಕ್ಯಾಲೆಂಡರ್ ನೋಡಿದ್ರೆ ಹಬ್ಬ ಆ ಭಾನುವಾರ ಶುರು ಆಗತ್ತೆ ಅಷ್ಟೇ. ಅದನ್ನೇ ಒಂದನೇ ದಿನ ಅಂತ ಎಣಿಸ್ಕೊಂಡು ಹೋದ್ರೆ ಪೆಂತೆಕೋಸ್ತ್ ಭಾನುವಾರ (ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದಿದ್ದನ್ನ ನೆನೆಯೋ ಹಬ್ಬ) 50ನೇ ದಿನ. ಉಪವಾಸಕ್ಕೆ 40, ಸಂತೋಷಕ್ಕೆ 50, ಸಂತೋಷದ ಪಾಲೇ ದೊಡ್ಡದು.

ಕಷ್ಟ ಏನಂದ್ರೆ ಉಪವಾಸಕ್ಕೆ ನಿಯಮ ಇದೆ, ಏನು ಬಿಡ್ಬೇಕು ಯಾವಾಗ ಬಿಡ್ಬೇಕು ಅಂತ ಗೊತ್ತು, ಸಂತೋಷವಾಗಿರಿ ಅಂದ್ರೆ ಬೆಳಿಗ್ಗೆ ಎದ್ದು ಏನು ಮಾಡೋದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸಭೆಯ ಇತಿಹಾಸ ಓದುವಾಗ. ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನಿಕೇಯ ಮಹಾಸಭೆ ಅಂದ್ರೆ ಎಲ್ರಿಗೂ ಅಲ್ಲಿ ರೂಪಿಸಿದ ವಿಶ್ವಾಸಪ್ರಮಾಣ ನೆನಪಾಗತ್ತೆ, ಅದೇ ಸಭೆ 20 ನಿಯಮಗಳನ್ನೂ ಮಾಡಿತ್ತು, ಅದರಲ್ಲಿ ಕೊನೇದು ಇದೇ ವಿಷಯದ್ದು: ಭಾನುವಾರಗಳಲ್ಲಿ ಮತ್ತು ಪೆಂತೆಕೋಸ್ತ್ ಕಾಲದ ದಿನಗಳಲ್ಲಿ (ಅಂದ್ರೆ ಈ 50 ದಿನಗಳಲ್ಲಿ) ಮೊಣಕಾಲೂರಬಾರದು, ಎಲ್ಲ ಕಡೆ ಎಲ್ರೂ ನಿಂತೇ ಪ್ರಾರ್ಥಿಸಬೇಕು. ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲಿಯನ್ ಕೂಡ ಇದೇ ಪದ್ಧತಿ ಬಗ್ಗೆ ಬರೆದಿದ್ದಾನೆ, ಅಂದ್ರೆ ನಿಕೇಯದವ್ರು ಹೊಸದೇನೂ ತರಲಿಲ್ಲ, ಜನ ಮಾಡ್ತಿದ್ದಿದ್ದನ್ನೇ ಗಟ್ಟಿ ಮಾಡಿದ್ರು. ಕ್ರಿಸ್ತ ಎದ್ದಿದ್ದಾನೆ, ಅದಕ್ಕೆ ನಾವೂ ಎದ್ದು ನಿಲ್ತೀವಿ. ಎಷ್ಟು ಸರಳ ನೋಡಿ, ಮಗುವಿಗೂ ಅರ್ಥ ಆಗತ್ತೆ.

ಅವತ್ತಿಂದ ನಾನು ಈಸ್ಟರ್ ಬೆಳಿಗ್ಗೆಯಿಂದ ಪೆಂತೆಕೋಸ್ತ್ ತನಕ ಮನೆಯಲ್ಲಿ ನಿಂತೇ ಪ್ರಾರ್ಥನೆ ಮಾಡ್ತೀನಿ. ಕಿಟಕಿ ಹತ್ರ ನಿಂತ್ಕೊಂಡು, ಅಂಗೈ ಮೇಲೆ ಮಾಡಿ, ಕಣ್ಣು ತೆರೆದು. ಮೊದಲು ಬೈಬಲ್‌ನ ಒಂದು ಕೀರ್ತನೆ, ಹೆಚ್ಚಾಗಿ 118ನೇದು, ಆಮೇಲೆ ಒಂದು ಸುವಾರ್ತೆ ಭಾಗ ಇಲ್ಲ ಅಪೊಸ್ತಲರ ಕೃತ್ಯಗಳಿಂದ (ಯೇಸುವಿನ ಮೊದಲ ಶಿಷ್ಯರ ಕಥೆ ಹೇಳೋ ಬೈಬಲ್ ಪುಸ್ತಕ) ಸ್ವಲ್ಪ, ಕೊನೆಗೆ ಕರ್ತನ ಪ್ರಾರ್ಥನೆ. ಶುರುವಿನಲ್ಲಿ ಕೈ ಎಲ್ಲಿಡೋದು ಅಂತಾನೇ ಗೊತ್ತಾಗಲ್ಲ, ಲೆಂಟ್ ಪೂರ್ತಿ ಮೊಣಕಾಲಲ್ಲಿದ್ದ ದೇಹ ತಾನಾಗೇ ಕೆಳಗೆ ಬಗ್ಗೋಕೆ ನೋಡತ್ತೆ. ಆದ್ರೆ ಎರಡನೇ ವಾರಕ್ಕೆ ಒಂದು ಬದಲಾವಣೆ ಗಮನಕ್ಕೆ ಬರತ್ತೆ, ಬೇಡಿಕೆ ಕಡಿಮೆ ಆಗಿ ಸ್ತುತಿ ಜಾಸ್ತಿ ಆಗತ್ತೆ, ನಾನು ಬೇಕು ಅಂತ ಮಾಡಿದ್ದಲ್ಲ, ನಿಂತಾಗ ಬಾಯಿಗೆ ಬರೋ ಮಾತೇ ಬೇರೆ.

ಓದೋಕೆ ಅಪೊಸ್ತಲರ ಕೃತ್ಯಗಳನ್ನ ಆರಿಸ್ಕೊಂಡಿದ್ದಕ್ಕೂ ಕಾರಣ ಇದೆ. ಈಸ್ಟರ್ ಕಾಲದಲ್ಲಿ ಈ ಪುಸ್ತಕ ಓದೋದು ಹಳೇ ಕಾಲದ ಬಿಷಪ್‌ಗಳಾದ ಅಗಸ್ಟೀನ್, ಕ್ರಿಸೊಸ್ತೊಮ್ ಕಾಲದಲ್ಲೇ ಇತ್ತು. 28 ಅಧ್ಯಾಯ, ದಿನಕ್ಕೆ ಅರ್ಧ ಅಧ್ಯಾಯಕ್ಕಿಂತ ಸ್ವಲ್ಪ ಹೆಚ್ಚು ಓದಿದ್ರೆ ಆರಾಮಾಗಿ ಮುಗಿಯತ್ತೆ.

ಅದರಲ್ಲಿ 12ನೇ ಅಧ್ಯಾಯದ ಹತ್ರ ನಾನು ಪ್ರತಿ ಸಲ ನಿಲ್ತೀನಿ. ಕಾಲ ಕೂಡ ಇದೇ, ಯೆಹೂದ್ಯರ ಪಸ್ಕ ಹಬ್ಬದ ಹುಳಿಯಿಲ್ಲದ ರೊಟ್ಟಿಯ ದಿನಗಳು. ರಾಜ ಹೆರೋದ, ಶಿಷ್ಯ ಯೋಹಾನನ ಅಣ್ಣ ಯಾಕೋಬನನ್ನ ಕತ್ತಿಯಿಂದ ಕೊಲ್ಲಿಸಿದ್ದಾನೆ, ಪೇತ್ರ ಜೈಲಲ್ಲಿದ್ದಾನೆ, ಸಭೆ ಅವನಿಗಾಗಿ ಪ್ರಾರ್ಥಿಸ್ತಿದೆ. ದೇವದೂತ ಅವನನ್ನ ಬಿಡಿಸ್ತಾನೆ, ಪೇತ್ರ ರಾತ್ರಿ ಬಂದು ಮಾರ್ಕನ ತಾಯಿ ಮರಿಯಳ ಮನೆ ಬಾಗಿಲು ತಟ್ತಾನೆ. ರೋದೆ ಅನ್ನೋ ಹುಡುಗಿ ಅವನ ಧ್ವನಿ ಗುರುತು ಹಿಡಿದು, ಸಂತೋಷದಲ್ಲಿ ಬಾಗಿಲು ತೆಗೆಯೋದೇ ಬಿಟ್ಟು ಒಳಗೆ ಓಡ್ತಾಳೆ. ಒಳಗಿದ್ದವ್ರು ನಿನಗೆ ಹುಚ್ಚು ಅಂತಾರೆ. ಇದಕ್ಕೇ ಪ್ರಾರ್ಥನೆ ಮಾಡ್ತಿದ್ದ ಜನ ಅವ್ರು! ಪೇತ್ರ ಹೊರಗೆ ತಟ್ತಾನೇ ಇದ್ದಾನೆ. ಈ ಪುಸ್ತಕ ಬರೆದ ಲೂಕ ಇದ್ಯಾವುದನ್ನೂ ಮುಚ್ಚಿಡಲ್ಲ, ಯಾಕೋಬ ಸತ್ತಿದ್ದು ಪೇತ್ರ ಬದುಕಿದ್ದು ಯಾಕೆ ಅಂತ ವಿವರಿಸೋದಕ್ಕೂ ಹೋಗಲ್ಲ, ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ಮುಂದೆ ಹೋಗ್ತಾನೆ.

ಒಂದು ವರ್ಷ ಈ ದಿನಗಳಲ್ಲೇ ನಮ್ಮ ಮನೆಯಲ್ಲಿ ಒಂದು ಸಾವಾಯ್ತು. ನಿಂತು ಹಲ್ಲೆಲೂಯ ಹೇಳೋದು ಹೇಗೆ, ಕುಸಿದು ಕೂತ್ಕೊಂಡು ಅಳೋಣ ಅನ್ಸಿತ್ತು. ನಾನು ಅತ್ತಿದ್ದೂ ಹೌದು, ಆದ್ರೆ ನಿಂತ್ಕೊಂಡೇ ಅತ್ತಿದ್ದು. ಯೇಸುವಿನ ಖಾಲಿ ಸಮಾಧಿಯ ಹೊರಗೆ ಮಗ್ದಲದ ಮರಿಯಳೂ ನಿಂತು ಅಳ್ತಿದ್ಲು ಅಂತ ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಇದೆ, ಅದನ್ನ ಎಷ್ಟೋ ಸಲ ಓದಿದ್ದೆ, ಆ ವಾರ ಅದು ನನಗೇ ಬರೆದ ಹಾಗೆ ಇತ್ತು. ಈ ಸಂತೋಷ ನಮ್ಮ ಮೂಡ್ ಮೇಲೆ ನಿಂತಿಲ್ಲ ಅನ್ನೋದು ನನಗೆ ಪಾಠದಿಂದ ಬಂದಿದ್ದಲ್ಲ, ಹೀಗೆ ಬಂದಿದ್ದು.

ಮಾಡ್ಬೇಕು ಅನ್ನೋರಿಗೆ ಒಂದೆರಡು ಮಾತು. ನಿಮ್ಮ ಚರ್ಚಲ್ಲಿ ಆರಾಧನೆ ವೇಳೆ ಎಲ್ರೂ ಮೊಣಕಾಲೂರಿದ್ರೆ ನೀವೂ ಊರಿ, ನಾನೊಬ್ಬನೇ ಸರಿ ಅಂತ ಎದ್ದು ನಿಲ್ಬೇಡಿ, ನಾನು ಹೇಳ್ತಿರೋದು ಮನೆ ಪ್ರಾರ್ಥನೆ ಬಗ್ಗೆ. ಹತ್ತು ನಿಮಿಷ ಸಾಕು. ವಯಸ್ಸಾದವ್ರು, ಕಾಲು ನೋವಿರೋರು ಕುರ್ಚಿಯಲ್ಲೇ ಕೂತು ಕರ್ತನ ಪ್ರಾರ್ಥನೆಗೆ ಮಾತ್ರ ಎದ್ರೂ ಆಯ್ತು, ಅದೂ ಆಗದಿದ್ರೆ ಕೈ ಎತ್ತಿದ್ರೆ ಆಯ್ತು. ಮಧ್ಯೆ ನಾಲ್ಕು ದಿನ ತಪ್ಪಿಹೋದ್ರೆ ಅಲ್ಲಿಂದಾನೇ ಮುಂದುವರಿಸಿ, ತಪ್ಪಿದ್ದಕ್ಕೆ ಪ್ರಾಯಶ್ಚಿತ್ತ ಮಾಡೋ ಕಾಲ ಇದಲ್ಲ. ಪೆಂತೆಕೋಸ್ತ್ ಆದ್ಮೇಲೆ ಬೇಕಾದ್ರೆ ಮತ್ತೆ ಮೊಣಕಾಲೂರಬಹುದು, ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಅವತ್ತಿನ ಸಂಧ್ಯಾ ಪ್ರಾರ್ಥನೆಯಲ್ಲೇ ಎಲ್ರೂ ಮತ್ತೆ ಮೊಣಕಾಲೂರಿ ದೀರ್ಘ ಪ್ರಾರ್ಥನೆ ಮಾಡ್ತಾರೆ, ನಾನೂ ಅವತ್ತು ಸಾಯಂಕಾಲಾನೇ ಶುರು ಮಾಡ್ತೀನಿ.