ಪೆನಾಂಗ್‌ಗೆ ಹೋಗುವ ಸಸ್ಯಾಹಾರಿಗಳಿಗೆ: ಹಳದಿ ಬಾವುಟದ ಒಂಬತ್ತು ದಿನ

ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಸಸ್ಯಾಹಾರಿಗಳು ಹೋಗುವುದಾದರೆ ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಆರಿಸಿ. ಅದು ಒಂಬತ್ತು ಚಕ್ರವರ್ತಿ ದೇವರ ಹಬ್ಬ; ಚೀನೀ ಭಕ್ತರು ಮಾಂಸ ಬಿಡುವುದರಿಂದ ಜಾರ್ಜ್ ಟೌನ್ ಬೀದಿಗಳಲ್ಲಿ ಹಳದಿ ಬಾವುಟದ ಸಸ್ಯಾಹಾರಿ ಅಂಗಡಿಗಳು ಏಳುತ್ತವೆ. ಉಳಿದ ದಿನ ಲಕ್ಸಾ ಎಂಬ ನೂಡಲ್ಸ್ ಖಾದ್ಯದ ಸಾರಿಗೆ ಮೀನು, ಚಾರ್ ಕ್ವೇ ತಿಯಾವ್ ಎಂಬ ಹುರಿದ ಅಕ್ಕಿ ನೂಡಲ್ಸ್‌ಗೆ ಹಂದಿ ಕೊಬ್ಬು ಬಿದ್ದಿರುವುದೇ ಹೆಚ್ಚು. ‘ಕೋಳಿ’ ಎಂದು ಕೊಟ್ಟರೆ ಗಾಬರಿ ಬೇಡ, ಬಾವುಟವಿದ್ದ ಕಡೆ ಅದು ಸೋಯಾ ಅಥವಾ ಗೋಧಿಯದು. ಈ ಹಬ್ಬ ಸಾಮಾನ್ಯವಾಗಿ ನಮ್ಮ ನವರಾತ್ರಿಯ ಆಸುಪಾಸಿಗೇ ಬರುತ್ತದೆ, ಆದರೆ ಚೀನೀ ಪಂಚಾಂಗದಲ್ಲಿ ಅಧಿಕ ಮಾಸ ಬಂದರೆ ಲೆಕ್ಕ ತಪ್ಪಬಹುದು: 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ, ಅಲ್ಲಿನ ಹಬ್ಬ ಅಕ್ಟೋಬರ್ 21ಕ್ಕೆ ಶುರುವಾಯಿತು. ಟಿಕೆಟ್‌ಗೆ ಮುಂಚೆ ಚೀನೀ ಕ್ಯಾಲೆಂಡರನ್ನೇ ನೋಡಿ. ಅದು ಮಳೆ ಹೆಚ್ಚಿರುವ ಕಾಲ, ಹಾಗಾಗಿ ಪೆನಾಂಗ್ ಬೆಟ್ಟದ ರೈಲು ಬೆಳಿಗ್ಗೆಯೇ ಹತ್ತಿ, ಶಾಪಿಂಗ್ ಮಧ್ಯಾಹ್ನಕ್ಕಿರಲಿ.