ಪ್ರಾರ್ಥನೆಗೂ ಒಂದು ಕಿರ್ದಿ: ಮೂರು ವರ್ಷದ ನನ್ನ ಅನುಭವ

ಪ್ರಾರ್ಥನೆಯನ್ನು ಪುಸ್ತಕದಲ್ಲಿ ಬರೆದಿಡುವ ನನ್ನ ಪದ್ಧತಿ ಆರು ತಿಂಗಳೂ ಬಾಳುವುದಿಲ್ಲವೆಂದು ನಮ್ಮ ಪ್ರಾರ್ಥನಾ ಕೂಟದಲ್ಲಿ ಹೇಳದವರೇ ಇರಲಿಲ್ಲ. ನಾನು ಲೆಕ್ಕಪತ್ರದ ಕೆಲಸದವನಾದ್ದರಿಂದ, ದೇವರ ಹತ್ತಿರವೂ ಜಮೆ ಖರ್ಚು ನೋಡುತ್ತಾನೆಂದು ಕೆಲವರು ನಕ್ಕರು. ಇದು ಕರ್ತನನ್ನು ಪರೀಕ್ಷಿಸುವ ಕೆಲಸವೆಂದು ಹಿರಿಯರು ಗದರಿಸಿದರು. ಈಗ ನಾಲ್ಕನೆಯ ಪುಸ್ತಕ ನಡೆಯುತ್ತಿದೆ, ಗದರಿಸಿದವರಲ್ಲಿ ಇಬ್ಬರು ನನ್ನ ಪುಟದ ನಮೂನೆಯನ್ನು ಕೇಳಿ ಪಡೆದುಕೊಂಡು ಹೋಗಿದ್ದಾರೆ. ಆದ್ದರಿಂದ ನಡೆದದ್ದನ್ನು ಬರೆಯುವ ಧೈರ್ಯ ಬಂದಿದೆ. ದಿನಾಂತ್ಯದ ಅವಲೋಕನ, ಮೌನ, ಇತರರಿಗಾಗಿ ಮಾಡುವ ಮಧ್ಯಸ್ಥಿಕೆಯ ಪ್ರಾರ್ಥನೆ ಎಂದರೇನೆಂದು ಓದುವವರಿಗೆ ತಿಳಿದೇ ಇರುವುದರಿಂದ ಅದನ್ನೆಲ್ಲ ವಿವರಿಸುವುದಿಲ್ಲ.

ಮೊದಲ ಸೋಲು ಅಮೆರಿಕದ ಮಿಷನರಿ ಫ್ರಾಂಕ್ ಲೌಬಾಕ್ ಅವರನ್ನು ಅನುಕರಿಸಲು ಹೋಗಿ ಆದದ್ದು. ಅವರು 1930ರಲ್ಲಿ ಫಿಲಿಪೈನ್ಸ್‌ನ ಮಿಂಡನಾವೊ ದ್ವೀಪದಲ್ಲಿದ್ದಾಗ, ಎಚ್ಚರವಿರುವ ಪ್ರತಿ ನಿಮಿಷವೂ ದೇವರನ್ನು ನೆನೆಯಲು ಸಾಧ್ಯವೇ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು. ನಾನು ಫೋನಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವಂತೆ ಇಟ್ಟುಕೊಂಡೆ. ಹತ್ತು ಹನ್ನೊಂದು ದಿನ ನಡೆಯಿತು. ಗಂಟೆ ಕೇಳಿದೊಡನೆ ದೇವರು ನೆನಪಾಗುವ ಬದಲು, ಮುಂದಿನ ಗಂಟೆಗೆ ಇನ್ನೆಷ್ಟು ಹೊತ್ತಿದೆ ಎಂಬ ಚಿಂತೆ ಬರತೊಡಗಿದಾಗ ಅದನ್ನು ನಿಲ್ಲಿಸಿದೆ.

ಎರಡನೆಯದು ಕೃತಜ್ಞತೆಯ ಪುಸ್ತಕ. ರಾತ್ರಿ ಕುಳಿತು, ಅಂದು ಕೇಳಿದ ಯಾವ ಪ್ರಾರ್ಥನೆಗೆ ಉತ್ತರ ಬಂದಿತೆಂದು ನೆನಪಿಸಿಕೊಂಡು ಬರೆಯುವುದು. ಎರಡು ತಿಂಗಳಲ್ಲಿ ಪುಟಗಳೇನೋ ತುಂಬಿದವು, ಆದರೆ ಒಂದು ಭಾನುವಾರ ಮೊದಲಿನಿಂದ ಓದಿದಾಗ ನನಗೇ ನಂಬಿಕೆ ಹುಟ್ಟಲಿಲ್ಲ. ಆದದ್ದನ್ನು ನೋಡಿಕೊಂಡು, ಅದಕ್ಕೆ ಹೊಂದುವಂತೆ ಕೇಳಿದ್ದನ್ನು ನೆನಪಿಸಿಕೊಂಡಿದ್ದೆ. ವೋಚರ್ ಇಲ್ಲದ ಜಮೆಯನ್ನು ಬೇರೆ ಯಾರಾದರೂ ತಂದಿಟ್ಟಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ. ಈ ಪದ್ಧತಿಗೆ ಬರುವ ಮುನ್ನ ಧ್ಯಾನಕೂಟಗಳ ಶುಲ್ಕ, ಚರ್ಮದ ಹೊದಿಕೆಯ ದಿನಚರಿಗಳು, ಒಂದು ಪ್ರಾರ್ಥನಾ ಆ್ಯಪಿನ ವಾರ್ಷಿಕ ಚಂದಾ ಎಂದು ಸುಮಾರು ಎರಡು ತಿಂಗಳ ಸಂಬಳ ಕಳೆದಿದ್ದೇನೆ. ಅತಿ ದುಬಾರಿಯ ದಿನಚರಿಯಲ್ಲಿ ಬರೆದದ್ದು ಆರೇ ಪುಟ. ಅಷ್ಟು ಚೆಂದದ ಕಾಗದದ ಮೇಲೆ ಕಾಟು ಹಾಕಲು ಕೈ ಬರುತ್ತಿರಲಿಲ್ಲ, ಕಾಟು ಬೀಳಬಾರದೆಂದು ಸುಳ್ಳು ಬರೆಯುತ್ತಿದ್ದೆ. ಈಗ ಬಳಸುತ್ತಿರುವುದು ಕಚೇರಿಯ ರದ್ದಿ ಕಾಗದದಲ್ಲಿ ನಾನೇ ಹೊಲಿದ ಪುಸ್ತಕಗಳನ್ನು.

ಕೊನೆಗೆ ನಿಂತ ಪದ್ಧತಿ ಇಷ್ಟು. ಬೆಳಿಗ್ಗೆ ಎಡಗಡೆಯಲ್ಲಿ ಬಿನ್ನಹವನ್ನು ದಿನಾಂಕ ಸಹಿತ ಬರೆಯಬೇಕು, ಅದೂ ಸುಳ್ಳಾಗಲು ಅವಕಾಶವಿರುವಂತೆ ಬರೆಯಬೇಕು. ‘ಅಣ್ಣನ ಮನಸ್ಸಿಗೆ ಶಾಂತಿ ಕೊಡು’ ಎಂದು ಬರೆದರೆ, ಆಯಿತೋ ಇಲ್ಲವೋ ಎಂದು ತೀರ್ಮಾನಿಸಿ ಅದರ ಲೆಕ್ಕವನ್ನು ಎಂದಿಗೂ ಮುಚ್ಚಲಾಗುವುದಿಲ್ಲ. ‘ಅಣ್ಣ ಈ ತಿಂಗಳಲ್ಲಿ ಒಮ್ಮೆಯಾದರೂ ನನ್ನೊಂದಿಗೆ ಮಾತಾಡಲಿ’ ಎಂದರೆ ಮುಚ್ಚಬಹುದು. ಬಲಗಡೆಯಲ್ಲಿ ‘ಹೌದು’, ‘ಇಲ್ಲ’, ‘ಬೇರೆ ರೀತಿ’ ಎಂಬ ಮೂರರಲ್ಲಿ ಒಂದು. ಬರೆದದ್ದನ್ನು ಅಳಿಸುವಂತಿಲ್ಲ. ಕೆಳಗಿನ ಮೂರು ಸಾಲುಗಳನ್ನು ‘ಕೇಳದೆ ಬಂದದ್ದು’ ಎಂದು ಖಾಲಿ ಬಿಡುತ್ತೇನೆ, ರಾತ್ರಿ ಅದನ್ನು ತುಂಬುತ್ತೇನೆ. ಆ ಮೂರು ಸಾಲುಗಳನ್ನು ತುಂಬಲು ಕುಳಿತಾಗ ಮೊದಲ ಹತ್ತು ನಿಮಿಷ ಏನು ಮಾಡುತ್ತೇನೆಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಇಬ್ಬರು ಹಿರಿಯರಿಗೂ ಹೇಳಿಲ್ಲ. ಅದು ಪ್ರತಿಯೊಬ್ಬರೂ ತಾವೇ ಎಡವಿ ಕಲಿಯಬೇಕಾದದ್ದು, ಮತ್ತು ನನಗೆ ಅದಕ್ಕೇ ಒಂದು ವರ್ಷ ಹಿಡಿಯಿತು.

ಹಣಕ್ಕೆ ಸಂಬಂಧಿಸಿದ ಬಿನ್ನಹಗಳಲ್ಲಿ ಬಹಳ ತಪ್ಪು ಮಾಡಿದ್ದೇನೆ. ಒಮ್ಮೆ ಸಾಲದ ಕಂತು ಕಟ್ಟಲು ಸಂಬಳದ ಕಾಲು ಭಾಗದಷ್ಟು ಕೊರತೆ ಬಿದ್ದಿತ್ತು. ಬರೆದು ಮೂರನೆಯ ದಿನಕ್ಕೆ ಸರಿಸುಮಾರು ಅಷ್ಟೇ ಹಣ ಖಾತೆಗೆ ಬಂತು. ಉತ್ಸಾಹದಲ್ಲಿ ‘ಹೌದು’ ಎಂದು ಬರೆದು ಕೂಟದಲ್ಲಿ ಸಾಕ್ಷಿಯನ್ನೂ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಅದು ನನಗೇ ಬರಬೇಕಾಗಿದ್ದ, ನಾನೇ ಅರ್ಜಿ ಹಾಕಿ ಮರೆತಿದ್ದ ತೆರಿಗೆ ಮರುಪಾವತಿ. ಅಳಿಸುವಂತಿಲ್ಲವಾದ್ದರಿಂದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಬರಬೇಕಾಗಿದ್ದ ಹಣ’ ಎಂದು ಟಿಪ್ಪಣಿ ಹಾಕಿದೆ. ಮುಂದಿನ ವಾರ ಕೂಟದಲ್ಲಿ ಎದ್ದು ನಿಂತು ಅದನ್ನೂ ಹೇಳಬೇಕಾಯಿತು. ಅಂದು ಯಾರೂ ‘ಆಮೆನ್’ ಎನ್ನಲಿಲ್ಲ. ಅದು ಆ ದಿನವೇ ಏಕೆ ಬಂತೆಂಬ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಅಂಕಣವಿಲ್ಲ. ಸ್ನೇಹಿತನಿಗೆ ಕೊಟ್ಟ ಕೈಸಾಲ ಮರಳಲೆಂದು ಮೂರು ಬಾರಿ ಬರೆದಿದ್ದೇನೆ, ಮೂರು ಬಾರಿಯೂ ‘ಇಲ್ಲ’.

ಪದ್ಧತಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಪುಸ್ತಕದ ಅತಿ ದೊಡ್ಡ ‘ಇಲ್ಲ’ದ ನಂತರ. ತಂದೆಯವರ ಶಸ್ತ್ರಚಿಕಿತ್ಸೆಯ ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತುಕೊಂಡೇ ‘ಬೆಳಗಿನೊಳಗೆ ರಕ್ತಸ್ರಾವ ನಿಲ್ಲಲಿ’ ಎಂದು ಬರೆದಿದ್ದೆ. ನಿಲ್ಲಲಿಲ್ಲ. ಮೂರನೆಯ ದಿನ ಅವರು ತೀರಿಕೊಂಡರು, ಅದರ ಮರುವಾರ ನಾನು ಬಲಗಡೆಯಲ್ಲಿ ‘ಇಲ್ಲ’ ಎಂದು ಬರೆದು ಪುಸ್ತಕವನ್ನು ಮುಚ್ಚಿಟ್ಟೆ. ನಾಲ್ಕು ತಿಂಗಳ ನಂತರ ತೆರೆದಾಗ, ಆ ರಾತ್ರಿಯ ಪುಟದ ಕೆಳಗೆ, ಬರೆದದ್ದೇ ನೆನಪಿಲ್ಲದ ಒಂದು ಸಾಲು ನನ್ನದೇ ಅಕ್ಷರದಲ್ಲಿತ್ತು: ‘ನೆಲ ಒರೆಸುವಾಕೆ ಬಕೆಟ್ ಪಕ್ಕಕ್ಕಿಟ್ಟು, ಸ್ಟೂಲ್ ತಂದು ನನ್ನ ಹಿಂದೆ ಇಟ್ಟರು. ಮಾತಾಡಲಿಲ್ಲ. ನಾನು ಕುಳಿತ ಮೇಲೆ ನನ್ನ ಕಾಲಿನ ಸುತ್ತ ಬಿಟ್ಟು ಉಳಿದ ನೆಲವನ್ನು ಒರೆಸಿದರು.’ ಆಕೆಯ ಮುಖ ನೆನಪಿಲ್ಲ. ಕಾಲಿನ ಸುತ್ತ ಒಣಗಿ ಉಳಿದಿದ್ದ ಆ ತುಂಡು ನೆಲ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಬೈಬಲಿನಲ್ಲಿ, ಬೇತೇಲೆಂಬ ಸ್ಥಳದಲ್ಲಿ ಮಲಗಿದ್ದ ಯಾಕೋಬನಿಗೂ ಆ ಸ್ಥಳದಲ್ಲಿ ದೇವರಿದ್ದನೆಂದು ತಿಳಿದದ್ದು ನಿದ್ರೆಯಿಂದ ಎದ್ದ ಮೇಲೆಯೇ. ನನಗೆ ನಾಲ್ಕು ತಿಂಗಳು ಹಿಡಿಯಿತು. ಮೇಲಿನ ‘ಇಲ್ಲ’ವನ್ನು ಮುಚ್ಚಿಟ್ಟಿದ್ದರೆ ಕೆಳಗಿನ ಸಾಲನ್ನೂ ನಾನು ನಂಬುತ್ತಿರಲಿಲ್ಲ.

ಕಚೇರಿಯಲ್ಲಿ ದೇವರನ್ನು ನಂಬದ ಒಬ್ಬ ಗೆಳೆಯನಿದ್ದಾನೆ. ಅವನು ನನ್ನ ಮುಂದಿಟ್ಟದ್ದು ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವನ್ನು: ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳಲ್ಲಿ, ಇತರರು ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ 59 ಪ್ರತಿಶತ ಮಂದಿಗೆ ತೊಡಕುಗಳಾದವು, ಪ್ರಾರ್ಥನೆ ಇದ್ದೂ ಅದು ಖಚಿತವಿಲ್ಲದವರಲ್ಲಿ 52 ಪ್ರತಿಶತ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಹುಡುಕಲೂ ಹೋಗಲಿಲ್ಲ. ಬದಲಿಗೆ ನನ್ನ ಮೂರು ಪುಸ್ತಕಗಳನ್ನೂ ಅವನಿಗೇ ಆಡಿಟ್‌ಗೆ ಕೊಟ್ಟೆ. ನಾನು ‘ಹೌದು’ ಎಂದದ್ದರಲ್ಲಿ ಇಪ್ಪತ್ತರಷ್ಟನ್ನು ಅವನು ‘ಬೇರೆ ರೀತಿ’ಗೆ ಇಳಿಸಿದ, ಹೆಚ್ಚಿನವು ನ್ಯಾಯವಾಗಿಯೇ. ಈಗ ನೆನಪಿನಿಂದ ಹೇಳುವುದಾದರೆ ಒಟ್ಟು ಬಿನ್ನಹಗಳು 420ರ ಆಸುಪಾಸು, ‘ಹೌದು’ ಸುಮಾರು 140, ‘ಇಲ್ಲ’ 90, ‘ಬೇರೆ ರೀತಿ’ 110, ಉಳಿದದ್ದು ಬಾಕಿ. ಪುಸ್ತಕ ಮರಳಿಸುವಾಗ ಅವನು ಅಂಕಿಗಳ ಬಗ್ಗೆ ಏನೂ ಹೇಳಲಿಲ್ಲ. ಕೆಳಗಿನ ಮೂರು ಸಾಲುಗಳನ್ನು ಮಾತ್ರ ಮನೆಗೆ ಒಯ್ದು ಎರಡು ಬಾರಿ ಓದಿದೆನೆಂದು ಹೇಳಿದ. ಇದನ್ನು ನನ್ನ ಗೆಲುವೆಂದು ಎಣಿಸಿದರೆ ಅದು ಜಂಬವೆಂದು ಗೊತ್ತಿದ್ದೂ ಎಣಿಸಿದ್ದೇನೆ.

ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರು ಒಂದು ದೋಷವನ್ನು ಹಿಡಿದು, ಅದು ಎಷ್ಟು ಬಾರಿ ಆಯಿತೆಂದು ದಿನಕ್ಕೆರಡು ಸಲ ಗೆರೆಯ ಮೇಲೆ ಚುಕ್ಕಿ ಇಡಲು ಕಲಿಸಿದ್ದರಲ್ಲವೇ, ಅದನ್ನು ತಿರುವುಹಾಕಿ ದೇವರ ಸನ್ನಿಧಿ ಅರಿವಿಗೆ ಬಂದಾಗಲೆಲ್ಲ ಚುಕ್ಕಿ ಇಟ್ಟೆ. ಮೂರು ವಾರದಲ್ಲಿ ಚುಕ್ಕಿಗಳಿಗಾಗಿಯೇ ಬದುಕತೊಡಗಿದ್ದೆ, ಬಿಟ್ಟೆ. ಯಾವುದನ್ನೂ ಕೇಳದೆ ಒಂದು ತಿಂಗಳು ಕಳೆದದ್ದು ಮಾತ್ರ ಫಲಿಸಿತು. ಆ ತಿಂಗಳು ಕೆಳಗಿನ ಮೂರು ಸಾಲು ಸಾಲದೆ ಪುಟದ ಅಂಚಿನಲ್ಲಿಯೂ ಬರೆದಿದ್ದೇನೆ.

ಅಣ್ಣನ ಬಿನ್ನಹವನ್ನು ಮೊದಲ ಪುಸ್ತಕದಿಂದ ಪ್ರತಿ ಪುಸ್ತಕಕ್ಕೂ ಹಿಂದಿನ ಬಾಕಿಯಾಗಿ ತಂದುಕೊಳ್ಳುತ್ತ ಬಂದಿದ್ದೇನೆ. ತಿಂಗಳನ್ನು ಮಾತ್ರ ಬದಲಿಸುತ್ತೇನೆ. ಕಳೆದ ತಿಂಗಳು ಅವನಿಂದ ಒಂದು ಕರೆ ಬಂದಿತ್ತು, ನಾನು ಎತ್ತುವಷ್ಟರಲ್ಲಿ ಕಡಿಯಿತು, ಮರಳಿ ಮಾಡಿದರೆ ಅವನು ಎತ್ತಲಿಲ್ಲ. ಕೈತಪ್ಪಿ ಒತ್ತಿದ್ದೂ ಇರಬಹುದು. ಅದನ್ನು ಯಾವ ಅಂಕಣಕ್ಕೆ ಹಾಕಬೇಕೆಂದು ತಿಳಿಯದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಈ ಪುಸ್ತಕಗಳಲ್ಲಿ ಪೆನ್ಸಿಲ್ ಬಳಸಿದ್ದು ಅದೊಂದೇ ಸಲ.