ಟ್ಯಾಂಕ್ ಬ್ಯಾಗಿಗೆ ಬಂದ ಕರೆಂಟು: ಬೈಕಿನಲ್ಲಿ ಫೋನು, ಜಿಪಿಎಸ್ ಚಾರ್ಜಿಂಗ್ ನಾನು ಮಾಡಿಕೊಂಡ ಬಗೆ

ಹ್ಯಾಂಡಲ್ ಮೇಲೆ ಯುಎಸ್‌ಬಿ ಪೋರ್ಟ್ ಕೂರಿಸುವುದು ನನಗೆ ಸರಿಬರುವುದಿಲ್ಲ. ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗಂತೂ ಅದು ಮುಂಗಾರು ಹಿಡಿಯುವ ತನಕದ ಸುಖ. ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನಲ್ಲಿ ಚಾರ್ಜರ್ ಇರುವುದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಟ್ಯಾಂಕ್ ಬ್ಯಾಗಿನ ಒಳಗೆ. ಬೈಕಿನಿಂದ ಹೊರಗೆ ಬರುವುದು 12 ವೋಲ್ಟಿನ ಒಂದು ಜೋಡಿ ವೈರು, ಅದರ ತುದಿಗೆ ರಬ್ಬರ್ ಮುಚ್ಚಳ ಇರುವ ಎರಡು ಪಿನ್ನಿನ ಕನೆಕ್ಟರು, ಅಷ್ಟೆ. ಫೋನು, ಗಾರ್ಮಿನ್ ಇಟ್ರೆಕ್ಸ್ ಅನ್ನುವ ಪುಟ್ಟ ಜಿಪಿಎಸ್ ಯಂತ್ರ, ಹೆಲ್ಮೆಟ್ಟಿನ ಬ್ಲೂಟೂತ್ ಎಲ್ಲಕ್ಕೂ ಅಲ್ಲಿಂದಲೇ ಊಟ. ಹೇಗೆ ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಕೇಳುವವರು ಸಾಕಷ್ಟಿದ್ದಾರೆ. ಪ್ರತಿ ಸಲ ಪೆಟ್ರೋಲ್ ಬಂಕಿನಲ್ಲಿ ಸೀಟು ಬಿಚ್ಚಿ ತೋರಿಸುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ಎಲ್ಲರೂ ಮೊದಲು ಕೇಳುವುದು, "ಬ್ಯಾಟರಿ ಇಳಿದುಹೋಗಲ್ವಾ?" ಅಂತ. ಲೆಕ್ಕ ಹಾಕಿ ನೋಡಿ. ಫೋನು 5 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ 10 ವ್ಯಾಟ್. ಪರಿವರ್ತನೆಯಲ್ಲಿ ಸ್ವಲ್ಪ ಸೋರಿಹೋಗುತ್ತೆ ಅಂದುಕೊಂಡರೂ 12 ವ್ಯಾಟ್. ಅಂದರೆ ಬೈಕಿನ ಕಡೆಯಿಂದ ಸುಮಾರು 1 ಆಂಪಿಯರ್. ಹೆಡ್‌ಲ್ಯಾಂಪಿನ ಎಚ್4 ಬಲ್ಬು ಡಿಮ್ಮಿನಲ್ಲೇ 55 ವ್ಯಾಟ್ ತಿನ್ನುತ್ತೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಹಗಲೂ ಉರಿಯುತ್ತಲೇ ಇರುತ್ತೆ. ಅಷ್ಟನ್ನು ಸಾಕುವ ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಭಾಗ) ಫೋನು ದೊಡ್ಡ ಹೊರೆಯಲ್ಲ. ಇಟ್ರೆಕ್ಸ್ ಅಂತೂ ಎರಡು ಎಎ ಸೆಲ್ಲಿನಲ್ಲಿ ಇಡೀ ದಿನ ಓಡುವ ಯಂತ್ರ, ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಅನುಮಾನ ಇದ್ದವರು ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಬ್ಯಾಟರಿಯ ಎರಡು ತುದಿಗೆ ಹಿಡಿದು ನೋಡಬಹುದು. ಗಾಡಿ ರಾತ್ರಿಯಿಡೀ ನಿಂತಿದ್ದಾಗ 12.6 ವೋಲ್ಟಿನ ಮೇಲಿದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಶುರು ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 14ರ ಆಸುಪಾಸಿಗೆ ಏರಬೇಕು. ಲೈಟು, ಚಾರ್ಜರು ಎಲ್ಲ ಹಾಕಿದ ಮೇಲೂ 13ರ ಕೆಳಗೆ ಇಳಿಯದಿದ್ದರೆ ನಿಶ್ಚಿಂತೆ. ಐಡಲಿಂಗಿನಲ್ಲಿ ಈ ಅಂಕಿ ಸ್ವಲ್ಪ ಜಗ್ಗುತ್ತೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಬ್ರೇಕ್ ಲೈಟು, ಇಂಡಿಕೇಟರ್ ಹಾಕಿಕೊಂಡು ನಿಂತೇ ಕಾಲ ಕಳೆಯುವವರು ಅದನ್ನೂ ಒಮ್ಮೆ ನೋಡಿಕೊಳ್ಳಿ.

ಬ್ಯಾಟರಿಗೆ ನಿಜವಾದ ತೊಂದರೆ ಓಡುವಾಗ ಬರುವುದಿಲ್ಲ, ಗಾಡಿ ನಿಂತಾಗ ಬರುತ್ತೆ. ಪುಟ್ಟ ನೀಲಿ ಲೈಟು, ವೋಲ್ಟ್ ತೋರಿಸುವ ಡಿಸ್‌ಪ್ಲೇ ಇರುವ ಚಾರ್ಜರನ್ನು ನೇರ ಬ್ಯಾಟರಿಗೆ ಕೊಟ್ಟರೆ ಅದು ಸುಮ್ಮನೆ ಕೂತಲ್ಲೇ 20 ಮಿಲಿ ಆಂಪಿಯರ್ ನೆಕ್ಕುತ್ತಿರಬಹುದು. ಕೇಳಲು ಏನೂ ಅಲ್ಲ. ಆದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್. ನನ್ನ ಬ್ಯಾಟರಿ ಇರುವುದೇ 8 ಆಂಪಿಯರ್-ಅವರ್. ಮಳೆಗಾಲದಲ್ಲಿ ಒಂದು ವಾರ ಗಾಡಿ ಮುಟ್ಟದಿದ್ದರೆ ಹತ್ತಿರ ಹತ್ತಿರ ಅರ್ಧ ಖಾಲಿ. ಹಿಮಾಲಯನ್‌ಗೆ ಕಿಕ್ ಬೇರೆ ಇಲ್ಲ. ಆದ್ದರಿಂದ ಕೀ ತೆಗೆದ ಕ್ಷಣ ಕರೆಂಟು ಕಡಿಯಬೇಕು. ಅದನ್ನು ನೆನಪಿಟ್ಟುಕೊಂಡು ಮಾಡುವ ಕೆಲಸ ನನ್ನದಾಗಬಾರದು, ರಿಲೇಯದ್ದಾಗಬೇಕು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು.

ಬಹಳಷ್ಟು ಮೆಕ್ಯಾನಿಕ್ಕುಗಳು ಹೆಡ್‌ಲೈಟ್ ಗೂಡಿನಲ್ಲಿ ಸಿಕ್ಕಿದ ವೈರಿನ ಸಿಪ್ಪೆ ಹೆರೆದು, ಚಾರ್ಜರಿನ ವೈರು ಸುತ್ತಿ, ಕಪ್ಪು ಟೇಪು ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಕೀ ಹಾಕಿದರೆ ಬರುತ್ತೆ, ತೆಗೆದರೆ ಹೋಗುತ್ತೆ, ನಿಜ. ಆದರೆ ಆ ವೈರು ಒಂದು ಬಲ್ಬನ್ನೋ ಹಾರ್ನನ್ನೋ ಲೆಕ್ಕದಲ್ಲಿಟ್ಟು ಹಾಕಿದ್ದು. ಚಾರ್ಜರಿನಲ್ಲಿ ಶಾರ್ಟ್ ಆದರೆ ಅದೇ ಫ್ಯೂಸು ಹಾರಿ ಹಾರ್ನೂ ಇಲ್ಲ, ಇಂಡಿಕೇಟರೂ ಇಲ್ಲ. ಘಾಟಿಯ ತಿರುವಿನಲ್ಲಿ ಹಾಗಾಗುವುದು ಬೇಡ. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ (ಇಸಿಯು) ಹೋಗುವ ವೈರಿಗೆ ಬ್ಲೇಡು ತಾಗಿಸುವುದಂತೂ ಬೇಡವೇ ಬೇಡ.

ನಾನು ಜೆ.ಸಿ. ರಸ್ತೆಯಿಂದ ತಂದದ್ದು ನಾಲ್ಕು ಪಿನ್ನಿನ ಮಾಮೂಲಿ ಕಾರಿನ ರಿಲೇ. ಪಿನ್ನುಗಳ ನಂಬರ್ ಅದರ ಮೈ ಮೇಲೇ ಬರೆದಿರುತ್ತೆ. 30ಕ್ಕೆ ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿನ ಮೂಲಕ ಬರುವ ವೈರು. 87ರಿಂದ ಟ್ಯಾಂಕ್ ಬ್ಯಾಗಿನ ಕಡೆ ಹೋಗುವ ವೈರು. 86ಕ್ಕೆ ಟೈಲ್ ಲ್ಯಾಂಪಿನ ಪ್ಲಸ್ಸು, 85 ಅರ್ತ್. ಕೀ ತಿರುಗಿಸಿದರೆ ಟೈಲ್ ಲ್ಯಾಂಪ್ ಹತ್ತುತ್ತೆ, ಅದರ ವೈರಿನಿಂದ 0.15 ಆಂಪಿಯರಿನಷ್ಟು ಕರೆಂಟು ರಿಲೇಯ ಕಾಯಿಲಿಗೆ ಹೋಗಿ ಟಕ್ ಅಂತ ಕೂಡಿಸುತ್ತೆ, ದೊಡ್ಡ ಕರೆಂಟು ಬ್ಯಾಟರಿಯಿಂದ ಬೇರೆ ದಾರಿಯಲ್ಲಿ ಹರಿಯುತ್ತೆ. ತೂಬಿನ ಹಲಗೆ ಎತ್ತುವವನ ಕೈಯಲ್ಲಿ ನೀರು ಹರಿಯೋದಿಲ್ಲವಲ್ಲ, ಹಾಗೆ. ಟೈಲ್ ಲ್ಯಾಂಪ್ ಎಲ್‌ಇಡಿ ಆಗಿದ್ದರೆ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಕೇಳಿ ತನ್ನಿ. ಕಾಯಿಲ್ ಬಿಡುವಾಗ ಒದೆಯುವ ವೋಲ್ಟೇಜನ್ನು ಅದು ಅಲ್ಲೇ ನುಂಗಿಕೊಳ್ಳುತ್ತೆ. ಅಂಥ ರಿಲೇಯಲ್ಲಿ 85, 86 ಅದಲು ಬದಲು ಮಾಡುವಂತಿಲ್ಲ. ಯಾವ ವೈರು ಟೈಲ್ ಲ್ಯಾಂಪಿನದು ಅನ್ನೋದನ್ನು ಬಣ್ಣ ನೋಡಿ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಫ್ಯೂಸು 5 ಆಂಪಿಯರ್, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. ಫ್ಯೂಸ್ ಇರುವುದು ಫೋನನ್ನು ಕಾಯುವುದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಟ್ಯಾಂಕಿನ ಕೆಳಗೆ ವೈರಿನ ಸಿಪ್ಪೆ ಸವೆದು ಚಾಸಿಗೆ ತಾಗಿದರೆ, ಫ್ಯೂಸು ಆ ಕಡೆ ತುದಿಯಲ್ಲಿದ್ದು ಏನೂ ಪ್ರಯೋಜನವಿಲ್ಲ. ಮೇಲೆ ಪೆಟ್ರೋಲು, ಕೆಳಗೆ ಕೆಂಡ. ವೈರು 1 ಚದರ ಮಿಲಿಮೀಟರಿನದು, ಒಳಗೆ ಸಣ್ಣ ಎಳೆಗಳು ಬಹಳ ಇರುವಂಥದ್ದು. ಮನೆಯ ವೈರಿಂಗಿನ ಗಟ್ಟಿ ಒಂಟಿ ತಂತಿ ಕಂಪನಕ್ಕೆ ಮುರಿಯುತ್ತೆ. ಅರ್ತನ್ನು ಚಾಸಿಯ ಯಾವುದೋ ಬೋಲ್ಟಿಗೆ ಕೊಡದೆ ಸೀದಾ ಬ್ಯಾಟರಿಯ ಮೈನಸ್ಸಿಗೆ ತಂದೆ. ಬೋಲ್ಟಿನ ಕೆಳಗೆ ಪೇಂಟು, ತುಕ್ಕು ಇದ್ದರೆ ಚಾರ್ಜರ್ ಬಿಟ್ಟು ಬಿಟ್ಟು ಕೆಲಸ ಮಾಡುತ್ತೆ, ಕಾರಣ ಹುಡುಕಿ ಸುಸ್ತಾಗುತ್ತೀರಿ.

ಜೋಡಣೆಗಳಲ್ಲಿ ಬೆಸುಗೆ ಎಲ್ಲೂ ಇಲ್ಲ, ಎಲ್ಲ ಕ್ರಿಂಪ್, ಅಂದರೆ ಲೋಹದ ತುಂಡಿನೊಳಗೆ ವೈರು ಇಟ್ಟು ಇಕ್ಕಳದಿಂದ ಒತ್ತಿ ಹಿಡಿಸುವುದು. ಬೆಸುಗೆ ಹಾಕುವಾಗ ಸೀಸ ಎಳೆಗಳ ಒಳಗೆ ಹೀರಿಕೊಂಡು ಒಂದಷ್ಟು ಉದ್ದ ಕಡ್ಡಿಯಾಗಿಬಿಡುತ್ತೆ. ಆ ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲೇ ಕಂಪನಕ್ಕೆ ಕಡಿದುಹೋಗುವುದು. ಸಿಂಗಲ್ ಸಿಲಿಂಡರ್ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರಿಂಪ್ ಮಾಡಿ ಒಂದು ಸಲ ಗಟ್ಟಿಯಾಗಿ ಜಗ್ಗಿ ನೋಡಿ. ಬಂದರೆ ಈಗಲೇ ಬರಲಿ. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವು. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣ ಮಣಿಯಂತೆ ಹೊರಗೆ ಉಕ್ಕಿ ಬಂದರೆ ನೀರು ಒಳಗೆ ಹೋಗುವ ದಾರಿ ಮುಚ್ಚಿತು ಅಂತ ಅರ್ಥ.

ವೈರನ್ನು ಬೈಕಿನ ಮೂಲ ಹಾರ್ನೆಸ್ಸಿನ (ವೈರುಗಳ ಕಟ್ಟು) ಜೊತೆಯಲ್ಲೇ ಚಾಸಿಯ ಉದ್ದಕ್ಕೂ ತಂದು ಟ್ಯಾಂಕಿನ ಮುಂದೆ, ಸೀಟಿನಲ್ಲಿ ಕೂತವರ ಎಡಗೈ ಕಡೆ ಹೊರಗೆ ಬಿಟ್ಟೆ. ಹ್ಯಾಂಡಲ್ಲಿಗೆ ವೈರು ಹೋಗದೇ ಇರುವುದರ ದೊಡ್ಡ ಲಾಭ ಇಲ್ಲಿದೆ: ಸ್ಟೀರಿಂಗ್ ತಿರುಗಿದಾಗ ಎಳೆಯುವುದು, ಸಿಕ್ಕಿಕೊಳ್ಳುವುದು ಯಾವುದೂ ಇಲ್ಲ. ತುದಿಯ ಕನೆಕ್ಟರು ಎಸ್‌ಎಇ ಅನ್ನುವ ಎರಡು ಪಿನ್ನಿನದು, ಬ್ಯಾಟರಿ ಚಾರ್ಜರುಗಳ ಜೊತೆ ಬರುವಂಥದ್ದೇ. ಒಂದು ಪಿನ್ನು ರಬ್ಬರಿನ ಒಳಗೆ ಅಡಗಿರುತ್ತೆ, ಇನ್ನೊಂದು ಬೆತ್ತಲೆ. ಬೈಕಿನ ಕಡೆಯಲ್ಲಿ ಅಡಗಿರುವುದೇ ಪ್ಲಸ್ ಆಗಬೇಕು. ತಿರುಗುಮುರುಗು ಆದರೆ ಕನೆಕ್ಟರು ನೇತಾಡುತ್ತ ಚಾಸಿಗೆ ತಾಗಿದೊಡನೆ ಕಿಡಿ. ಹೊಸ ಕನೆಕ್ಟರ್ ತಂದವರು ಮೀಟರ್ ಹಿಡಿಯದೆ ಸಿಕ್ಕಿಸಬಾರದು, ಎಲ್ಲ ತಯಾರಕರೂ ಒಂದೇ ಕ್ರಮ ಪಾಲಿಸುವುದಿಲ್ಲ.

ಬ್ಯಾಗಿನ ಒಳಗೆ ಕಾರಿನ ಸಿಗರೇಟ್ ಸಾಕೆಟ್ಟು, ಅದಕ್ಕೆ ಕಾರಿನ ಚಾರ್ಜರು. ಬೈಕಿನದ್ದೇ ಅಂತ ಮಾರುವ ವಾಟರ್‌ಪ್ರೂಫ್ ಚಾರ್ಜರಿಗಿಂತ ಇದು ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಕಾರ್ ಚಾರ್ಜರ್ ಕೈಕೊಟ್ಟರೆ ಕೊಪ್ಪದಲ್ಲೂ ಹುಮನಾಬಾದಿನಲ್ಲೂ ಮೊಬೈಲ್ ಅಂಗಡಿಯಲ್ಲಿ ಇನ್ನೊಂದು ಸಿಗುತ್ತೆ. ಫೋನ್ ಬದಲಾಗಿ ಟೈಪ್-ಸಿ ಬಂದರೂ, ವೇಗದ ಚಾರ್ಜಿಂಗ್ ಬಂದರೂ ಬೈಕಿನ ವೈರಿಂಗ್ ಮುಟ್ಟಬೇಕಾಗಿಲ್ಲ. ಒಂದೇ ಕಿರಿಕಿರಿ ಅಂದರೆ ಕಂಪನಕ್ಕೆ ಚಾರ್ಜರು ಸಾಕೆಟ್ಟಿನಿಂದ ಮೆಲ್ಲಗೆ ಹಿಂದೆ ಸರಿಯುವುದು. ಎರಡನ್ನೂ ಸೇರಿಸಿ ವೆಲ್‌ಕ್ರೋ ಪಟ್ಟಿ ಸುತ್ತಿದರೆ ಅದೂ ಮುಗಿಯಿತು.

"ಚಾರ್ಜ್ ಆಗ್ತಿದೆ ಅಂತ ತೋರಿಸುತ್ತೆ, ಆದರೆ ಪರ್ಸೆಂಟ್ ಇಳೀತಾನೇ ಇದೆ" ಅನ್ನುವ ದೂರಿಗೆ ಮುಕ್ಕಾಲು ಪಾಲು ಕಾರಣ ಕೇಬಲ್ಲು. ಉದ್ದನೆಯ ಸಪೂರ ಕೇಬಲ್ಲಿನಲ್ಲಿ 5 ವೋಲ್ಟು ಫೋನ್ ತಲುಪುವಷ್ಟರಲ್ಲಿ ನಾಲ್ಕೂವರೆಗೆ ಇಳಿದರೆ ಫೋನು ತಾನೇ ಎಳೆಯುವುದನ್ನು ಕಡಿಮೆ ಮಾಡುತ್ತೆ. ಇನ್ನೊಂದು ಕಾರಣ ಅಗ್ಗದ ಪೋರ್ಟುಗಳದು. ಒಳಗೆ ಡೇಟಾದ ಎರಡು ಪಿನ್ನನ್ನು ಸರಿಯಾಗಿ ಜೋಡಿಸಿರದಿದ್ದರೆ ಫೋನು ಅದನ್ನು ಕಂಪ್ಯೂಟರ್ ಪೋರ್ಟು ಅಂದುಕೊಂಡು 500 ಮಿಲಿ ಆಂಪಿಯರಿಗೇ ನಿಲ್ಲುತ್ತೆ. ಮ್ಯಾಪು, ಪೂರ್ತಿ ಬೆಳಕಿನ ಸ್ಕ್ರೀನು, ಸಿಗ್ನಲ್ ಹುಡುಕಾಟ ಸೇರಿದರೆ ಅದು ಏನೇನೂ ಸಾಲದು. ಕುದುರೆಮುಖದ ಕಾಡಿನಂತೆ ನೆಟ್‌ವರ್ಕ್ ಇಲ್ಲದ ಕಡೆ ಆಫ್‌ಲೈನ್ ಮ್ಯಾಪು ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತೆ, ಬ್ಯಾಟರಿ ಉಳಿಯುತ್ತೆ. ನನ್ನ ಕೇಬಲ್ಲು ಒಂದು ಮೊಳಕ್ಕಿಂತ ಕಡಿಮೆ, ಫೋನಿನ ಕಡೆ ತುದಿ ಎಲ್ ಆಕಾರದ್ದು. ಅದನ್ನು ಮೌಂಟಿಗೇ ಒಂದು ಸುತ್ತು ಹಾಕಿ ಕಟ್ಟಿದ್ದೇನೆ. ಫೋನೂ ಪ್ಲಗ್ಗೂ ಒಟ್ಟಿಗೇ ಅಲುಗಿದರೆ ಫೋನಿನ ಪೋರ್ಟು ಸಡಿಲವಾಗುವುದಿಲ್ಲ.

ಮಳೆ ಶುರುವಾದರೆ ಏರ್ಪಾಡೇ ಬೇರೆ. ಫೋನು ಬ್ಯಾಗಿನೊಳಗೆ ಹೋಗುತ್ತೆ, ದಾರಿ ಹೇಳುವ ದನಿ ಹೆಲ್ಮೆಟ್ಟಿನಲ್ಲಿ ಕೇಳುತ್ತೆ. ಹ್ಯಾಂಡಲ್ ಮೇಲೆ ಇಟ್ರೆಕ್ಸ್ 30 ಒಂದೇ, ಅದೂ ಕೇಬಲ್ ಇಲ್ಲದೆ, ತನ್ನ ಎಎ ಸೆಲ್ಲುಗಳ ಮೇಲೆ. ಅದರ ಐಪಿಎಕ್ಸ್7 ಅನ್ನುವ ದರ್ಜೆಯ ನೀರಿನ ರಕ್ಷಣೆ ಹಿಂದಿನ ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಿದ್ದರೆ ಮಾತ್ರ. ಫೋನುಗಳಲ್ಲೂ ಇದೇ ಕಥೆ: ಫೋನ್ ನೀರಿಗೆ ಜಗ್ಗದಿರಬಹುದು, ಆದರೆ ಒದ್ದೆ ಟೈಪ್-ಸಿ ಕಿಂಡಿಯಲ್ಲಿ 5 ವೋಲ್ಟು ಹರಿಯುತ್ತಿದ್ದರೆ ಪಿನ್ನುಗಳು ಹಸಿರು ಹಿಡಿದು ಕರಗುತ್ತವೆ. ಅದಕ್ಕೇ ಈಗಿನ ಫೋನುಗಳು ತೇವ ಕಂಡರೆ ಚಾರ್ಜಿಂಗನ್ನೇ ನಿಲ್ಲಿಸುವುದು. ಆಗುಂಬೆ, ಚಾರ್ಮಾಡಿಯ ಮಳೆಯಲ್ಲಿ ಟಚ್‌ಸ್ಕ್ರೀನ್ ಹನಿಗಳನ್ನೇ ಬೆರಳು ಅಂದುಕೊಂಡು ಎಲ್ಲೆಲ್ಲಿಗೋ ಹೋಗುತ್ತೆ. ಇಟ್ರೆಕ್ಸ್‌ನ ಪುಟ್ಟ ಕಡ್ಡಿಯನ್ನು ಒದ್ದೆ ಗ್ಲೌಸಿನಲ್ಲೂ ಆಡಿಸಬಹುದು.

ಒಣ ಹವೆಯಲ್ಲಿ ಇಟ್ರೆಕ್ಸ್‌ಗೂ ಬ್ಯಾಗಿನಿಂದ ಕೇಬಲ್ ಕೊಡುತ್ತೇನೆ. ಸಿಕ್ಕಿಸಿದೊಡನೆ ಅದು ಕಂಪ್ಯೂಟರಿಗೆ ಸೇರಿದೆ ಅಂದುಕೊಂಡು ಮ್ಯಾಪ್ ಬಿಟ್ಟು ಮಾಸ್ ಸ್ಟೋರೇಜಿಗೆ (ಪೆನ್ ಡ್ರೈವಿನಂತೆ ಫೈಲು ತೋರಿಸುವ ಸ್ಥಿತಿ) ಹೋಗಿ ಕೂರುತ್ತೆ. ಸಿಸ್ಟಂ ಸೆಟ್ಟಿಂಗಿನಲ್ಲಿ ಇಂಟರ್‌ಫೇಸನ್ನು 'ಗಾರ್ಮಿನ್ ಸ್ಪ್ಯಾನರ್' ಅಂತ ಬದಲಿಸಿ. ಆಗ ಅದು ಹೋಗಲೋ ಬೇಡವೋ ಅಂತ ಕೇಳುತ್ತೆ; ಬೇಡ ಅಂದರೆ ಮ್ಯಾಪಿನಲ್ಲೇ ಇರುತ್ತೆ. ಹೊರಗಿನ ಕರೆಂಟಿನಿಂದ ಯಂತ್ರ ಓಡುತ್ತೆ, ಒಳಗಿನ ಸೆಲ್ಲು ಚಾರ್ಜ್ ಆಗುವುದಿಲ್ಲ ಅನ್ನುವುದೂ ನೆನಪಿರಲಿ.

ಬಯಲುಸೀಮೆಯಲ್ಲಿ ಕಾಟ ಕೊಡುವುದು ಬಿಸಿಲು. ಏಪ್ರಿಲ್, ಮೇನಲ್ಲಿ ಕಲಬುರಗಿಯಿಂದ ಬೀದರಿನ ಕಡೆ ಹೋಗುವಾಗ ಹ್ಯಾಂಡಲ್ ಮೇಲಿನ ಫೋನು ಬಿಸಿಲು, ಸ್ಕ್ರೀನು, ಚಾರ್ಜಿಂಗು ಮೂರೂ ಸೇರಿ ಕೈ ಸುಡುವಷ್ಟಾಗುತ್ತೆ. ಒಂದು ಹಂತದ ಮೇಲೆ ಫೋನೇ ಚಾರ್ಜಿಂಗ್ ನಿಲ್ಲಿಸಿ, ಸ್ಕ್ರೀನನ್ನೂ ಮಂಕು ಮಾಡುತ್ತೆ. ಅಲ್ಲಿ ಫಾಸ್ಟ್ ಚಾರ್ಜರಿಗೆ ದುಡ್ಡು ಸುರಿದು ಫಲವಿಲ್ಲ. 1 ಆಂಪಿಯರಿನ ನಿಧಾನದ ಪೋರ್ಟಿಗೆ ಹಾಕಿ, ಸ್ಕ್ರೀನ್ ಆರಿಸಿ, ದನಿಯ ಮೇಲೇ ಹೋಗುತ್ತೇನೆ. ವೈರ್‌ಲೆಸ್ ಚಾರ್ಜಿಂಗ್ ಇರುವ ಮೌಂಟುಗಳು ಇನ್ನೂ ಬಿಸಿ, ನಮ್ಮ ಬೇಸಿಗೆಗೆ ಅವು ಅಲ್ಲ.

ಫೋನನ್ನು ಹ್ಯಾಂಡಲ್ಲಿನಿಂದ ದೂರ ಇಡಲು ಕ್ಯಾಮೆರಾವೂ ಒಂದು ಕಾರಣ. ಹೆಚ್ಚಿನ ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ (ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ) ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹ್ಯಾಂಡಲ್ ಮೇಲೇ ಬೇಕು ಅನ್ನುವವರು ರಬ್ಬರ್ ಡ್ಯಾಂಪರ್ ಇರುವ ಮೌಂಟ್ ತಗೊಳ್ಳಿ, ಇಲ್ಲವೇ ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನನ್ನು ಮ್ಯಾಪಿಗೇ ಮೀಸಲಿಡಿ.

ಮೀಟಿಯರ್ 350 ತರಹ ಕಂಪನಿಯಿಂದಲೇ ಪೋರ್ಟ್ ಬರುವ ಗಾಡಿ ಇದ್ದವರಿಗೆ ಇಷ್ಟು ರಗಳೆ ಬೇಡ. ಹಳೇ ಸ್ಪ್ಲೆಂಡರ್ ತರಹದ ಗಾಡಿ ಇದ್ದವರಿಗೂ ಬೇಡ, ಆದರೆ ಬೇರೆ ಕಾರಣಕ್ಕೆ. ಅವುಗಳ ಬ್ಯಾಟರಿ 3 ಆಂಪಿಯರ್-ಅವರ್ ಆಸುಪಾಸಿನದು, ಹಳೇ ಮಾಡೆಲ್‌ಗಳಲ್ಲಿ ಹೆಡ್‌ಲೈಟು ಉರಿಯುವುದೂ ಬ್ಯಾಟರಿಯಿಂದಲ್ಲ. ಅಂಥ ಗಾಡಿಗೆ 10,000 ಮಿಲಿ ಆಂಪಿಯರ್-ಅವರ್‌ನ ಪವರ್ ಬ್ಯಾಂಕೇ ಸರಿ. ಬೆಂಗಳೂರಿನಲ್ಲಿ ಊಟ ತಲುಪಿಸುವ ಹುಡುಗರು ದಿನವಿಡೀ ಮ್ಯಾಪ್ ಹಾಕಿಕೊಂಡು ತಿರುಗುವುದು ಪ್ಯಾಂಟಿನ ಜೇಬಿನ ಪವರ್ ಬ್ಯಾಂಕು, ಫೋನಿಗೆ ಸುತ್ತಿದ ಪ್ಲಾಸ್ಟಿಕ್ ಕವರಿನ ಬಲದ ಮೇಲೇ.

ಸರ್ವಿಸಿಗೆ ಬಿಡುವಾಗ ರಿಲೇಗೂ ಫ್ಯೂಸಿಗೂ ಬಿಳಿ ಟೇಪಿನ ಮೇಲೆ 'ಚಾರ್ಜರ್' ಅಂತ ಬರೆದು ಅಂಟಿಸಿ, ವಾಶ್ ಮಾಡುವ ಹುಡುಗನಿಗೆ ಕನೆಕ್ಟರಿನ ಮುಚ್ಚಳ ತೆಗೆಯಬೇಡ ಅಂತ ಹೇಳಿ ಬನ್ನಿ. ಹೀಗೆ ಬರೆದಿರದಿದ್ದರೆ ಬೇರೆ ಯಾವುದೋ ದೋಷ ಹುಡುಕುವ ಮೆಕ್ಯಾನಿಕ್ಕು ಗೊತ್ತಿಲ್ಲದ ವೈರು ಅಂತ ಮೊದಲು ಕತ್ತರಿಸುವುದು ಇದನ್ನೇ.